ಎಂಜಿನ್ ಕೆಟ್ಟಿತು ಅನ್ನಬಹುದಿತ್ತು

1976ರ ಅಕ್ಟೋಬರ್ 24. ಜಪಾನಿನ ಫ್ಯೂಜಿ ಟ್ರ್ಯಾಕಿನ ಮೇಲೆ ಬೆಳಗಿನಿಂದ ಮಳೆ, ಸಾಲದ್ದಕ್ಕೆ ಮಂಜು. ಆ ವರ್ಷದ ಫಾರ್ಮುಲಾ ಒನ್ ಸರಣಿಯ ಕೊನೆಯ ರೇಸು ಅದು. ಫೆರಾರಿಯ ನಿಕಿ ಲಾಡಾ ಮುಂದಿದ್ದ; ಮೆಕ್‌ಲಾರೆನ್‌ನ ಜೇಮ್ಸ್ ಹಂಟ್ ಮೂರೇ ಪಾಯಿಂಟ್ ಹಿಂದೆ. ಮಳೆ ನಿಂತೀತೆಂದು ಮಧ್ಯಾಹ್ನದವರೆಗೂ ಕಾದರು, ನಿಲ್ಲಲಿಲ್ಲ, ಕೊನೆಗೆ ಹಾಗೇ ಬಾವುಟ ಬೀಸಿದರು. ಲಾಡಾ ಎರಡು ಸುತ್ತು ಓಡಿಸಿ, ಕಾರನ್ನು ಪಿಟ್ಟಿಗೆ ತಂದು, ಇಳಿದುಬಿಟ್ಟ. ಈ ನೀರಿನಲ್ಲಿ ಓಡಿಸುವುದು ಹುಚ್ಚುತನ, ನನ್ನ ಕೈಲಾಗದು ಅಂದ. ಫೆರಾರಿಯ ಎಂಜಿನಿಯರ್ ಮೌರೊ ಫೋರ್ಗಿಯೇರಿ ಹುಡುಗನ ಮಾನ ಉಳಿಸಲು ನೋಡಿದ: ಎಂಜಿನ್ ಕೆಟ್ಟಿತು ಅಂತ ಹೇಳಿಬಿಡೋಣ. ಲಾಡಾ ಒಪ್ಪಲಿಲ್ಲ. ಕಾರಿಗೇನೂ ಆಗಿಲ್ಲ, ಬೇಡ ಅಂದದ್ದು ನಾನು, ಹಾಗೆಯೇ ಹೇಳಿ ಅಂದ. ಅವತ್ತು ಸಂಜೆಗೆ ವಿಶ್ವ ಚಾಂಪಿಯನ್ ಪಟ್ಟ ಒಂದೇ ಒಂದು ಪಾಯಿಂಟಿನಲ್ಲಿ ಕೈ ತಪ್ಪಿತು. 69ಕ್ಕೆ 68.

ಹೀಗಂದವನು ಆಗ ಯಾವ ಸ್ಥಿತಿಯಲ್ಲಿದ್ದ ಎಂಬುದನ್ನೂ ನೋಡಬೇಕು. ಅದೇ ವರ್ಷದ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಅವನ ಫೆರಾರಿ ದಿಬ್ಬಕ್ಕೆ ಬಡಿದು ಬೆಂಕಿಯಾಗಿತ್ತು. ಹಿಂದೆ ಬರುತ್ತಿದ್ದ ಡ್ರೈವರುಗಳೇ ಕಾರು ನಿಲ್ಲಿಸಿ ಓಡಿಹೋಗಿ ಅವನನ್ನು ಎಳೆದು ಹಾಕಿದರು. ಮುಖ ಸುಟ್ಟಿತ್ತು, ಬಲಗಿವಿ ಬಹುಪಾಲು ಹೋಗಿತ್ತು, ವಿಷದ ಹೊಗೆ ಶ್ವಾಸಕೋಶಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಕೊನೆಯ ಸಂಸ್ಕಾರವನ್ನೂ ಮಾಡಿ ಹೋದ. ಆರು ವಾರ ಕಳೆಯುವಷ್ಟರಲ್ಲಿ ಇಟಲಿಯ ಮೊಂಜಾದಲ್ಲಿ ಈ ಮನುಷ್ಯ ಮತ್ತೆ ಕಾರಿನೊಳಗೆ ಕೂತಿದ್ದ, ನಾಲ್ಕನೆಯವನಾಗಿ ಬಂದ. ಹೆಲ್ಮೆಟ್ ತೆಗೆದಾಗ ಒಳಗಿನ ಬ್ಯಾಂಡೇಜು ರಕ್ತದಲ್ಲಿ ನೆನೆದಿತ್ತು. ಫ್ಯೂಜಿಯ ಹೊತ್ತಿಗೂ ಸುಟ್ಟ ರೆಪ್ಪೆಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಇಂಥವನು ಹೆದರಿ ಇಳಿದ ಅಂತ ಯಾರು ತಾನೆ ಆಡಿಕೊಂಡಾರು? ಆದರೂ ಇಟಲಿಯ ಪತ್ರಿಕೆಗಳು ಆಡಿಕೊಂಡವು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತು.

ಅತ್ತ ಹಂಟ್‌ನ ಕತೆ ಬೇರೆಯೇ. ರೇಸಿನ ಬಹುಪಾಲು ಮುಂದಿದ್ದ. ಮಳೆ ನಿಂತು ಟ್ರ್ಯಾಕು ಒಣಗುತ್ತಾ ಬಂದಂತೆ ಮಳೆಗಾಲದ ಟೈರು ಸವೆದು ಗಾಳಿ ಇಳಿಯಿತು. ಕೊನೆಯ ಕೆಲವೇ ಸುತ್ತುಗಳಿರುವಾಗ ಪಿಟ್ಟಿಗೆ ಬಂದು ಟೈರು ಬದಲಿಸಿ ಹೊರಟಾಗ ಐದನೆಯವನಾಗಿದ್ದ. ಪಟ್ಟ ಸಿಗಬೇಕಾದರೆ ಮುಂದೆ ಬರಲೇಬೇಕಿತ್ತು. ಇಬ್ಬರನ್ನು ದಾಟಿದ, ಆದರೆ ತಾನು ಎಷ್ಟನೆಯವನೆಂಬುದು ಅವನಿಗೇ ಗೊತ್ತಿರಲಿಲ್ಲ. ಕಾರು ನಿಲ್ಲಿಸಿ ಇಳಿದವನೇ ತಂಡದ ಯಜಮಾನ ಟೆಡ್ಡಿ ಮೇಯರ್‌ನ ಮೇಲೆ ಹರಿಹಾಯ್ದ: ಟೈರಿಗೆ ಮೊದಲೇ ಯಾಕೆ ಕರೆಯಲಿಲ್ಲ, ಎಲ್ಲ ಹಾಳುಮಾಡಿದಿರಿ. ಮೇಯರ್ ಮಾತಾಡಲಾಗದೆ ಮೂರು ಬೆರಳು ಎತ್ತಿ ತೋರಿಸುತ್ತಿದ್ದ, ಮೂರನೆಯವ ನೀನು, ಚಾಂಪಿಯನ್ ನೀನು ಅಂತ. ಹಂಟ್ ಬೈಯುತ್ತಲೇ ಇದ್ದ.

ಈ ಕತೆಯನ್ನು ನಮ್ಮವರು ಬಹಳಷ್ಟು ಮಂದಿ 2013ರ ‘ರಷ್’ ಸಿನಿಮಾದಲ್ಲಿ ನೋಡಿದವರು. ನಾನೂ ಹಂಟ್‌ನನ್ನು ನೇರ ನೋಡಿದವನಲ್ಲ. ನಮ್ಮ ಊರಿನ ಕಡೆ ಕೇಬಲ್ ಟಿವಿ ಬಂದು ಭಾನುವಾರದ ಸಂಜೆಗಳಲ್ಲಿ ಈ ಕಾರುಗಳ ಸದ್ದು ನಡುಮನೆಯಲ್ಲಿ ತುಂಬುವ ಹೊತ್ತಿಗೆ ಹಂಟ್ ಹೋಗಿದ್ದ, ಅವನ ನಂತರದ ಚಾಂಪಿಯನ್ ಐರ್ಟನ್ ಸೆನ್ನಾ ಕೂಡ ಹೋಗಿದ್ದ. ಹಳೆಯ ರೆಕಾರ್ಡಿಂಗು, ಹಳೆಯ ಪತ್ರಿಕೆ, ಲೈಬ್ರರಿಯ ಪುಸ್ತಕ, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ನಾನು ಅವರನ್ನು ಹುಡುಕಿಕೊಂಡೆ. ಹುಡುಕಿಕೊಂಡು ಹೋಗುವಂಥವರು ಅವರು. ಇವತ್ತಿನ ಚಾಂಪಿಯನ್ನರನ್ನು ಇನ್ನು ಮೂವತ್ತು ವರ್ಷದ ಮೇಲೆ ಯಾರಾದರೂ ಹೀಗೆ ಹುಡುಕಿಕೊಂಡು ಬಂದರೆ ಅವರಿಗೆ ಸಿಗುವುದೇನು ಎಂಬುದೇ ನನ್ನ ಚಿಂತೆ.

ಸಿಗುವುದು ಗೊತ್ತಿರುವುದೇ. ಈಗ ರೇಸು ಮುಗಿದ ಮೇಲೆ ಡ್ರೈವರುಗಳನ್ನು ಕಬ್ಬಿಣದ ಕಟಾಂಜನ ಹಾಕಿದ ಒಂದು ಆವರಣಕ್ಕೆ ಬಿಡುತ್ತಾರೆ. ಕಟಾಂಜನದ ಆಚೆ ದೇಶಕ್ಕೊಂದು ಟಿವಿ, ದೇಶಕ್ಕೊಂದು ಮೈಕು. ಡ್ರೈವರ್ ಒಂದು ಮೈಕಿನ ಮುಂದೆ ಅರ್ಧ ನಿಮಿಷ, ಇನ್ನೊಂದರ ಮುಂದೆ ಅರ್ಧ ನಿಮಿಷ ನಿಂತು ಸಾಗುತ್ತಾನೆ. ಅವನ ಮೊಣಕೈಗೆ ತಾಗುವಂತೆ ತಂಡದ ಪತ್ರಿಕಾ ಸಂಪರ್ಕದವರೊಬ್ಬರು ರೆಕಾರ್ಡರ್ ಚಾಚಿಕೊಂಡು ನಿಂತಿರುತ್ತಾರೆ, ಅವನ ಬಾಯಿಂದ ಬೀಳುವ ಪ್ರತಿ ಮಾತೂ ತಂಡದ ಕಡತಕ್ಕೂ ಸೇರಲಿ ಅಂತ. ಬರುವ ಉತ್ತರ ಇದು: ಹುಡುಗರು ಫ್ಯಾಕ್ಟರಿಯಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ, ಬ್ಯಾಲೆನ್ಸ್ ಇನ್ನೂ ಸ್ವಲ್ಪ ಸರಿಹೋಗಬೇಕು, ಡೇಟಾ ನೋಡುತ್ತೇವೆ, ಮುಂದಿನ ವಾರ ಬಲವಾಗಿ ಬರುತ್ತೇವೆ. ಗೆದ್ದವನ ಉತ್ತರ ಇದೇ, ಗೋಡೆಗೆ ಗುದ್ದಿ ಬಂದವನದೂ ಇದೇ. ಟಿವಿಯ ದನಿ ಅಡಗಿಸಿ ನೋಡಿದರೆ ಯಾರು ಗೆದ್ದರೆಂದು ಹೇಳುವುದೇ ಕಷ್ಟ.

ಹುಡುಗರು ಸಪ್ಪೆಯವರೆಂದು ನಾನು ಹೇಳುತ್ತಿಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಇನ್ನೊಬ್ಬನ ಗಾಲಿಗೆ ಒಂದು ಗೇಣಿನ ಅಂತರದಲ್ಲಿ ನುಗ್ಗುವವನು ಸಪ್ಪೆಯವನಾಗಿರಲು ಸಾಧ್ಯವೇ ಇಲ್ಲ. ಆದರೆ ಒಬ್ಬ ಮನುಷ್ಯನ ಗುಣ, ಅವಗುಣ ಎರಡೂ ಹೊರಗೆ ಬರಬೇಕಾದರೆ ಅವನಿಗೆ ಸ್ವಲ್ಪ ಖಾಲಿ ಹೊತ್ತು ಬೇಕು, ಯಾರೂ ಬರೆದುಕೊಳ್ಳದ ಮಾತು ಬೇಕು, ಎಡವಟ್ಟು ಮಾಡಿಕೊಳ್ಳುವ ಸಲಿಗೆ ಬೇಕು. ಅದನ್ನು ನಾವು ಕಿತ್ತುಕೊಂಡಿದ್ದೇವೆ. 1976ರಲ್ಲಿ ವರ್ಷಕ್ಕೆ 16 ರೇಸು. 2024ರಲ್ಲಿ 24. ನಡುವಿನ ದಿನಗಳಲ್ಲಿ ಸಿಮ್ಯುಲೇಟರು, ಜಿಮ್ಮು, ಪ್ರಾಯೋಜಕರ ಊಟ, ಫೋಟೊ. ಹಂಟ್ ಇವತ್ತು ಹುಟ್ಟಿದ್ದರೆ ಅವನಿಗೆ ಹಂಟ್ ಆಗಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಹಂಟ್‌ನ ವಿಷಯ ಬಂದರೆ ನಾನು ಸುಲಭಕ್ಕೆ ಬಿಡುವವನಲ್ಲ. ಅವನು ಮೇಲೆ ಬಂದದ್ದು ಲಾರ್ಡ್ ಹೆಸ್ಕೆತ್ ಎಂಬ ಇಂಗ್ಲಿಷ್ ಜಮೀನ್ದಾರಿ ಮನೆತನದ ಹುಡುಗನೊಬ್ಬನ ತಂಡದಿಂದ. ಬಿಳಿ ಕಾರು, ಅದರ ಮೇಲೆ ಯಾವ ಸಿಗರೇಟಿನ ಹೆಸರೂ ಇಲ್ಲ, ಎಣ್ಣೆಯ ಹೆಸರೂ ಇಲ್ಲ. ಹೆಲ್ಮೆಟ್ ಹಾಕಿದ ಒಂದು ಟೆಡ್ಡಿ ಕರಡಿಯ ಚಿತ್ರ ಮಾತ್ರ. ತಂಡದವರು ರೇಸಿಗಿಂತ ಶಾಂಪೇನಿಗೆ ಬಂದವರೆಂದು ಪಿಟ್ಟಿನ ಹಿರಿಯರು ನಗಾಡುತ್ತಿದ್ದರು. 1975ರ ಜೂನಿನಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಮಳೆ ಬಂದು ನಿಂತಿತು. ಹಂಟ್ ಎಲ್ಲರಿಗಿಂತ ಮುಂಚೆ ಒಣ ಟೈರಿಗೆ ಬದಲಾಯಿಸಿಕೊಂಡ. ಆಮೇಲೆ ಇದೇ ಲಾಡಾ, ಆ ವರ್ಷದ ಅತಿ ವೇಗದ ಫೆರಾರಿಯಲ್ಲಿ, ಸುತ್ತಿನ ಮೇಲೆ ಸುತ್ತು ಬೆನ್ನಿಗೆ ಅಂಟಿಕೊಂಡು ಬಂದರೂ ಹಂಟ್ ಬಾಗಿಲು ತೆರೆಯಲಿಲ್ಲ. ಸೆಕೆಂಡೊಂದರ ಅಂತರದಲ್ಲಿ ಕರಡಿ ಮರಿ ಗೆದ್ದಿತು. ವರ್ಷದ ಕೊನೆಗೆ ಹೆಸ್ಕೆತ್‌ನ ದುಡ್ಡು ಮುಗಿಯಿತು.

ಮೆಕ್‌ಲಾರೆನ್‌ಗೆ ಬಂದ ಮೇಲೂ ಹಂಟ್ ಬದಲಾಗಲಿಲ್ಲ. ಸೂಟು ಬೂಟಿನ ಸಮಾರಂಭಗಳಿಗೆ ಜೀನ್ಸು ಹಾಕಿ ಬರಿಗಾಲಲ್ಲಿ ಹೋಗುತ್ತಿದ್ದ. ಅವನ ಓವರಾಲಿನ ಎದೆಯ ಮೇಲೆ, ಬೆಳಗಿನ ತಿಂಡಿಯ ಜಾಹೀರಾತೊಂದನ್ನು ಅಣಕಿಸುವ ಪೋಲಿ ಸಾಲೊಂದು ಹೊಲಿದಿತ್ತು. ಅದನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಇಷ್ಟೆಲ್ಲ ಉಡಾಳತನದ ಒಳಗೆ ಇದ್ದದ್ದು ಭಯ. ಪ್ರತಿ ರೇಸಿಗೆ ಮುಂಚೆ ಅವನಿಗೆ ವಾಂತಿಯಾಗುತ್ತಿತ್ತು. ಸಾಲಿನಲ್ಲಿ ನಿಂತಾಗ ಅವನ ಮೈನಡುಕಕ್ಕೆ ಕಾರೇ ಅದುರುತ್ತಿತ್ತು ಎನ್ನುತ್ತಿದ್ದರು. ಇದನ್ನು ಅವನು ಮುಚ್ಚಿಡಲೂ ಇಲ್ಲ. ಈಗ ಇಂಥ ಭಯಕ್ಕೆ ತಂಡದಲ್ಲೇ ಮನಃಶಾಸ್ತ್ರಜ್ಞರಿದ್ದಾರೆ. ಅದು ಒಳ್ಳೆಯದೇ, ನಾನು ಬೇಡವೆನ್ನಲಾರೆ.

1979ರ ಮೊನಾಕೊ ರೇಸಿನ ಮೇಲೆ, ಸರಣಿಯ ನಡುವಿನಲ್ಲೇ ಸಾಕು ಅಂತ ಬಿಟ್ಟು ಹೋದ. ಮರು ವರ್ಷ ಬಿಬಿಸಿಯಲ್ಲಿ ಮರ್ರೆ ವಾಕರ್ ಪಕ್ಕದಲ್ಲಿ ಕಾಮೆಂಟರಿಗೆ ಕೂತ. ಮರ್ರೆಯದು ಪ್ಯಾಂಟಿಗೆ ಬೆಂಕಿ ಬಿದ್ದವನಂತೆ ಕೂಗುವ ಧಾಟಿ. ಹಂಟ್ ಮಾತ್ರ ಕಾಲು ಚಾಚಿ, ಕೈಯಲ್ಲಿ ಗ್ಲಾಸು ಹಿಡಿದು, ಯಾರು ದಡ್ಡತನ ಮಾಡಿದರೂ ದಡ್ಡತನ ಎಂದೇ ಹೇಳುತ್ತಿದ್ದ. ಇಬ್ಬರಿಗೂ ಒಂದೇ ಮೈಕು, ಕಿತ್ತುಕೊಂಡು ಮಾತಾಡಬೇಕಿತ್ತು. ಹಂಟ್‌ನ ನಾಲಿಗೆ ಅನ್ಯಾಯವನ್ನೂ ಮಾಡಿತು. 1978ರಲ್ಲಿ ಮೊಂಜಾದ ಅಪಘಾತದಲ್ಲಿ ಉರಿಯುವ ಕಾರಿನಿಂದ ರೋನಿ ಪೀಟರ್ಸನ್‌ನನ್ನು ಎಳೆದು ತಂದವರಲ್ಲಿ ಹಂಟ್ ಒಬ್ಬ. ಮರುದಿನ ಪೀಟರ್ಸನ್ ತೀರಿಕೊಂಡ. ಅದಕ್ಕೆ ಇನ್ನೊಬ್ಬ ಡ್ರೈವರ್ ರಿಕಾರ್ಡೊ ಪಟ್ರೇಸೆಯೇ ಕಾರಣವೆಂದು ಹಂಟ್ ನಂಬಿದ. ಇಟಲಿಯ ಕೋರ್ಟು ಪಟ್ರೇಸೆಯನ್ನು ನಿರ್ದೋಷಿಯೆಂದ ಮೇಲೂ, ವರ್ಷಗಟ್ಟಲೆ, ಆ ಬಡಪಾಯಿ ಟಿವಿಯಲ್ಲಿ ಕಂಡಾಗಲೆಲ್ಲ ಬೈಯುತ್ತಲೇ ಬಂದ. ನನಗೆ ಹಂಟ್ ಇಷ್ಟವೆಂದು ಇದನ್ನು ಮರೆಮಾಚುವುದು ಸರಿಯಲ್ಲ.

ಕೊನೆಯ ವರ್ಷಗಳಲ್ಲಿ ದುಡ್ಡು ಕರಗಿತ್ತು. ಹಳೆಯ ಆಸ್ಟಿನ್ ಎ35 ವ್ಯಾನು, ಒಂದು ಸೈಕಲ್ಲು, ಮನೆ ತುಂಬ ಗಿಣಿಮರಿಗಳಂಥ ಬಡ್ಜರಿಗಾರ್ ಹಕ್ಕಿಗಳು. ಕುಡಿತ, ಸಿಗರೇಟು ಬಿಟ್ಟಿದ್ದ. 1993ರ ಜೂನ್ 13ರಂದು ಕೆನಡಾ ರೇಸಿಗೆ ಕಾಮೆಂಟರಿ ಹೇಳಿದ, 15ಕ್ಕೆ ಹೃದಯಾಘಾತ. 45 ವರ್ಷ.

ಇವರ ವ್ಯಕ್ತಿತ್ವವೆಲ್ಲ ಟ್ರ್ಯಾಕಿನ ಹೊರಗಿನ ರಂಪಾಟದಲ್ಲೇ ಇತ್ತು ಎಂದುಕೊಂಡರೆ ಅರ್ಧವೇ ತಿಳಿದಂತೆ. ಓಡಿಸುವ ಕೈಯಲ್ಲೇ ಆಳು ಕಾಣುತ್ತಿದ್ದ. ಕೆನಡಾದ ಜಿಲ್ ವಿಲ್ನೆವ್ ಹಿಮದ ಮೇಲೆ ಸ್ನೋಮೊಬೈಲ್ ಓಡಿಸಿ ಕಲಿತವನು. ಕಾರು ಅಡ್ಡ ಜಾರುವುದೇ ಅವನಿಗೆ ಸಹಜ ನಡಿಗೆ. 1979ರಲ್ಲಿ ಫ್ರಾನ್ಸಿನ ಡಿಜಾನ್‌ನಲ್ಲಿ ಜಾನ್ ಪಿಯರ್ ಜಾಬುಯಿ ಗೆದ್ದ. ಟರ್ಬೊ ಎಂಜಿನ್ನಿಗೆ ಅದು ಮೊದಲ ಗೆಲುವು, ಇತಿಹಾಸವೇ. ಆದರೆ ಜನ ಇವತ್ತಿಗೂ ತೆಗೆದು ನೋಡುವುದು ಎರಡನೆಯ ಸ್ಥಾನಕ್ಕೆ ವಿಲ್ನೆವ್ ಮತ್ತು ರೆನೆ ಆರ್ನೂ ಕೊನೆಯ ಸುತ್ತುಗಳಲ್ಲಿ ಗಾಲಿಗೆ ಗಾಲಿ ತಾಗಿಸಿ, ಹೊರಗೆ ಜಾರಿ, ಮತ್ತೆ ಒಳಗೆ ನುಗ್ಗಿ, ಒಬ್ಬರನ್ನೊಬ್ಬರು ದಾಟಿಕೊಂಡು ಹೋದ ಆ ಕೆಲವು ನಿಮಿಷಗಳನ್ನು. ಇಳಿದ ಮೇಲೆ ಇಬ್ಬರೂ ನಗುತ್ತಿದ್ದರು. ವಿಲ್ನೆವ್ ಗೆದ್ದದ್ದು ಬರೀ ಆರು ರೇಸು, ಚಾಂಪಿಯನ್ ಆಗಲೇ ಇಲ್ಲ. 1982ರ ಮೇ 8ರಂದು ಬೆಲ್ಜಿಯಮ್ಮಿನ ಜೋಲ್ಡರ್‌ನಲ್ಲಿ ಸತ್ತ. ಅಂಕಿಸಂಖ್ಯೆಯ ಪಟ್ಟಿಯಲ್ಲಿ ಅವನನ್ನು ಹುಡುಕಲು ಬೆರಳು ಬಹಳ ಕೆಳಗೆ ಹೋಗಬೇಕು.

ಅಲೇನ್ ಪ್ರೊಸ್ಟ್ ಓಡಿಸುತ್ತಿದ್ದರೆ ಇವನೇನು ಸಂತೆಗೆ ಹೊರಟವನೇ ಅನ್ನಿಸಬೇಕು, ಗಡಿಯಾರ ನೋಡಿದರೆ ಅವನೇ ಎಲ್ಲರಿಗಿಂತ ಮುಂದೆ. ಐರ್ಟನ್ ಸೆನ್ನಾನ ಕಾರಿನ ಸದ್ದನ್ನು ಕಣ್ಣು ಮುಚ್ಚಿ ಗುರುತಿಸಬಹುದಿತ್ತು. ತಿರುವಿನ ನಡುವೆ ಆಕ್ಸಿಲರೇಟರನ್ನು ಒಂದೇ ಸಮ ತುಳಿಯದೆ ಪಟಪಟನೆ ಕುಟ್ಟುತ್ತಿದ್ದ, ಎಂಜಿನ್ ತೊದಲಿದಂತೆ ಕೇಳುತ್ತಿತ್ತು. ಮೊನಾಕೊದ ಬೀದಿಗಳಲ್ಲಿ ಕಾರಿನೊಳಗಿನ ಕ್ಯಾಮೆರಾದಿಂದ ತೆಗೆದ ಅವನ ಹಳೆಯ ಸುತ್ತುಗಳನ್ನು ನೋಡಿ. ಬಲಗೈ ಸ್ಟೀರಿಂಗ್ ಬಿಟ್ಟು ಗೇರಿನ ಕಡ್ಡಿಗೆ ಹೋಗುತ್ತದೆ, ಆ ಕ್ಷಣ ಎಡಗೈಯೊಂದೇ ಕಾರನ್ನು ಗೋಡೆಗಳ ನಡುವೆ ಹಿಡಿದಿರುತ್ತದೆ, ಬಲಗೈ ಹಿಂತಿರುಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. 1988ರಲ್ಲಿ ಅದೇ ಬೀದಿಗಳಲ್ಲಿ, ಅದೇ ತಂಡದ ಅಂಥದೇ ಕಾರಿನಲ್ಲಿದ್ದ ಪ್ರೊಸ್ಟ್‌ಗಿಂತ ಸೆನ್ನಾ 1.427 ಸೆಕೆಂಡ್ ಬೇಗ ಸುತ್ತು ಮುಗಿಸಿ ಮೊದಲ ಸ್ಥಾನ ಹಿಡಿದ. ರೇಸಿನ ದಿನ ಭಾರಿ ಅಂತರದಿಂದ ಮುಂದಿದ್ದು, ಗಮನ ತಪ್ಪಿ ಕಂಬಿಗೆ ಗುದ್ದಿ, ಪಿಟ್ಟಿಗೂ ಬಾರದೆ ಹತ್ತಿರವೇ ಇದ್ದ ತನ್ನ ಮನೆಗೆ ನಡೆದುಕೊಂಡು ಹೋದ. 1990ರಲ್ಲಿ ಸುಜುಕಾದ ಮೊದಲ ತಿರುವಿನಲ್ಲೇ ಪ್ರೊಸ್ಟ್‌ನ ಕಾರಿಗೆ ಬೇಕೆಂದೇ ಗುದ್ದಿದವನು ಅವನೇ. 1992ರಲ್ಲಿ ಸ್ಪಾದ ಅಭ್ಯಾಸದ ವೇಳೆ, ಅಪಘಾತದಲ್ಲಿ ಪ್ರಜ್ಞೆ ತಪ್ಪಿದ್ದ ಎರಿಕ್ ಕೋಮಾನನ್ನು ಕಂಡು, ತನ್ನ ಕಾರನ್ನು ಟ್ರ್ಯಾಕಿನಲ್ಲೇ ನಿಲ್ಲಿಸಿ ಓಡಿಹೋಗಿ ಅವನ ಎಂಜಿನ್ ಆರಿಸಿ ತಲೆ ಹಿಡಿದು ನಿಂತವನೂ ಅವನೇ. ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಲು ನಾನು ಎಷ್ಟೋ ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ, ಕೂರುವುದಿಲ್ಲ.

ಗೇರಿನ ಕಡ್ಡಿ ಹೋಯಿತು. 1989ರಲ್ಲಿ ಫೆರಾರಿ ಸ್ಟೀರಿಂಗಿನ ಹಿಂದೆ ಪ್ಯಾಡಲ್ ಇಟ್ಟು ಮೊದಲ ರೇಸನ್ನೇ ಗೆದ್ದಿತು. ಕೆಲವೇ ವರ್ಷಗಳಲ್ಲಿ ಎಲ್ಲರದೂ ಅದೇ. ಜೊತೆಗೆ ಬೆಳೆದದ್ದು ಟೆಲಿಮೆಟ್ರಿ. ಕಾರಿನ ತುಂಬ ನೂರಾರು ಸೆನ್ಸರುಗಳು. ಯಾವ ಮೀಟರಿನಲ್ಲಿ ಬ್ರೇಕು ತುಳಿದೆ, ಎಷ್ಟು ಒತ್ತಿದೆ, ಎಲ್ಲಿ ಬಿಟ್ಟೆ ಎಲ್ಲ ಗೆರೆಗಳಾಗಿ ಪರದೆಯ ಮೇಲೆ ಬರುತ್ತವೆ. ಸಂಜೆ ಎಂಜಿನಿಯರ್ ಒಬ್ಬನ ಗೆರೆಯ ಮೇಲೆ ಜೊತೆಗಾರನ ಗೆರೆ ಇಟ್ಟು ತೋರಿಸುತ್ತಾನೆ: ನೋಡು, ಏಳನೆಯ ತಿರುವಿನಲ್ಲಿ ನೀನು ನಾಲ್ಕು ಮೀಟರ್ ಮುಂಚೆ ಬ್ರೇಕು ಹಾಕಿದ್ದೀಯ, ಅಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಹೋಗುತ್ತಿದೆ. ಮರುದಿನ ಎರಡು ಗೆರೆಗಳೂ ಒಂದಾಗುತ್ತವೆ. ವೇಗವೇ ಗುರಿಯಾದಾಗ ಇದನ್ನು ತಪ್ಪೆನ್ನಲು ಬರುವುದಿಲ್ಲ. ಆದರೆ ಸೆನ್ನಾ ಸೆನ್ನಾನ ಹಾಗೆ, ಪ್ರೊಸ್ಟ್ ಪ್ರೊಸ್ಟ್‌ನ ಹಾಗೆ ಓಡಿಸುತ್ತಿದ್ದ ಎರಡು ಕೈಬರಹಗಳು ಇಲ್ಲಿ ಒಂದೇ ಅಚ್ಚಿನ ಅಕ್ಷರವಾದವು.

ಹೆಲ್ಮೆಟ್ಟಿನ ಕತೆಯನ್ನೂ ಹೇಳಬೇಕು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನು ಫಾರ್ಮುಲಾ ಒನ್‌ಗೆ 1968ರಲ್ಲಿ ತಂದವನು ಡ್ಯಾನ್ ಗರ್ನಿ. ಅಲ್ಲಿಗೆ ಮುಖ ಮರೆಯಾಯಿತು, ಹೆಲ್ಮೆಟ್ಟೇ ಮುಖವಾಯಿತು. ಗ್ರಹಾಂ ಹಿಲ್‌ನದು ಕಡುನೀಲಿಯ ಮೇಲೆ ಬಿಳಿ ಹುಟ್ಟುಗಳು, ಅವನು ದೋಣಿ ನಡೆಸುತ್ತಿದ್ದ ಲಂಡನ್ ರೋಯಿಂಗ್ ಕ್ಲಬ್ಬಿನ ಗುರುತು. ಮಗ ಡೇಮನ್ ಅದೇ ಗುರುತು ಹಾಕಿಕೊಂಡು 1996ರಲ್ಲಿ ಚಾಂಪಿಯನ್ ಆದ. ಸೆನ್ನಾನ ಹಳದಿಯನ್ನು ಮಳೆಯ ಮುಸುಕಿನಲ್ಲೂ ದೂರದಿಂದ ಗುರುತಿಸುತ್ತಿದ್ದರು. ಈಚಿನ ಹುಡುಗರು ಒಂದೊಂದು ರೇಸಿಗೆ ಒಂದೊಂದು ಬಣ್ಣ ಬಳಿಸಿಕೊಳ್ಳತೊಡಗಿದಾಗ, ವರ್ಷವಿಡೀ ಒಂದೇ ವಿನ್ಯಾಸ ಇರಬೇಕೆಂದು 2015ರಲ್ಲಿ ನಿಯಮವನ್ನೇ ಮಾಡಬೇಕಾಯಿತು. 2020ರಲ್ಲಿ ಅದನ್ನೂ ತೆಗೆದರು. ಈಗ ತಲೆಯ ಮೇಲೆ ಹೇಲೊ ಎಂಬ ಟೈಟಾನಿಯಂ ಬಳೆ ಬೇರೆ. ಒಳಗಿರುವವನ ಕೈ, ಭುಜ ಯಾವುದೂ ಸರಿಯಾಗಿ ಕಾಣದು.

ಆ ಬಳೆಯನ್ನು ದೂರಲು ಮಾತ್ರ ನನಗೆ ಬಾಯಿ ಬರುವುದಿಲ್ಲ. 2020ರ ನವೆಂಬರಿನಲ್ಲಿ ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್‌ನ ಕಾರು ಕಬ್ಬಿಣದ ತಡೆಯನ್ನು ಸೀಳಿಕೊಂಡು ಒಳಹೊಕ್ಕು ಎರಡು ತುಂಡಾಗಿ ಬೆಂಕಿಯ ಉಂಡೆಯಾಯಿತು. ಅರ್ಧ ನಿಮಿಷದೊಳಗೆ ಅವನು ಆ ಬೆಂಕಿಯಿಂದ ತಾನೇ ಎದ್ದು ಬಂದ. ಹೇಲೊ ಇರದಿದ್ದರೆ ತಲೆಯೇ ಇರುತ್ತಿರಲಿಲ್ಲ. 1973ರಲ್ಲಿ ಜಾಂಡ್‌ವೂರ್ಟ್‌ನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರೋಜರ್ ವಿಲಿಯಮ್ಸನ್‌ನ ಕಾರು ಬೋರಲು ಬಿದ್ದು ಉರಿಯುತ್ತಿದೆ, ಒಳಗೆ ಅವನು ಬದುಕಿದ್ದಾನೆ. ಡೇವಿಡ್ ಪರ್ಲಿ ಎಂಬ ಡ್ರೈವರ್ ತನ್ನ ಕಾರು ಬಿಟ್ಟು ಓಡಿಬಂದು ಒಬ್ಬನೇ ಆ ಕಾರನ್ನು ಮಗುಚಲು ಒದ್ದಾಡುತ್ತಾನೆ. ಸುತ್ತ ನಿಂತ ಕಾವಲಿನವರಿಗೆ ಬೆಂಕಿ ತಡೆಯುವ ಉಡುಪಿಲ್ಲ, ಹತ್ತಿರ ಬಾರರು. ಉಳಿದ ಕಾರುಗಳು ಸುತ್ತು ಹಾಕುತ್ತಲೇ ಇವೆ. ವಿಲಿಯಮ್ಸನ್ ಅಲ್ಲೇ ಸತ್ತ. ಆ ದಶಕದ ಖದರನ್ನು ಹೊಗಳುವವರು, ನನ್ನನ್ನೂ ಸೇರಿಸಿ, ಈ ದೃಶ್ಯವನ್ನು ಒಮ್ಮೆ ನೋಡಿ ಆಮೇಲೆ ಬಾಯಿ ಬಿಡಬೇಕು. ನಾಳೆ ಬದುಕಿರುತ್ತೇನೋ ಇಲ್ಲವೋ ಎಂದು ತಿಳಿದವರ ನಡಿಗೆಯಲ್ಲಿ ಒಂದು ಗತ್ತು ಬರುವುದು ನಿಜ. ಆ ಬೆಲೆಗೆ ಆ ಗತ್ತು ಬೇಡ.

ಹಾಗಾದರೆ ಪ್ರಾಣಕ್ಕೂ ಭದ್ರತೆ ಇದ್ದು ಮನುಷ್ಯನೂ ಕಾಣುವುದು ಆಗದ ಮಾತೇ? ಆಗುತ್ತದೆ ಎನ್ನಲು ನನಗೆ ಕಿಮಿ ರೈಕೊನೆನ್ ಸಾಕು. ಈ ಫಿನ್ಲೆಂಡಿನವನು ಮಾತೇ ಆಡುತ್ತಿರಲಿಲ್ಲ. 2001ರಲ್ಲಿ ಮೆಲ್ಬರ್ನಿನ ತನ್ನ ಮೊದಲ ರೇಸಿಗೆ ಅರ್ಧ ಗಂಟೆ ಇರುವಾಗ ಮಲಗಿ ನಿದ್ದೆ ಹೋಗಿದ್ದ. 2006ರಲ್ಲಿ ಮೊನಾಕೊದಲ್ಲಿ ಕಾರು ಕೆಟ್ಟು ನಿಂತಾಗ ಪಿಟ್ಟಿನ ಕಡೆ ತಲೆಹಾಕದೆ ಬಂದರಿನಲ್ಲಿದ್ದ ತನ್ನ ದೋಣಿಗೆ ನೇರ ನಡೆದ. ಅದೇ ವರ್ಷ ಬ್ರೆಜಿಲ್‌ನಲ್ಲಿ ಮೈಕೆಲ್ ಶುಮಾಕರ್‌ಗೆ ಪೆಲೆಯ ಕೈಯಿಂದ ಸನ್ಮಾನ ನಡೆಯುವಾಗ ಎಲ್ಲಿದ್ದೆ ಅಂತ ಟಿವಿಯವರು ನೇರಪ್ರಸಾರದಲ್ಲಿ ಕೇಳಿದರೆ, ಕಕ್ಕಸಿಗೆ ಹೋಗಿದ್ದೆ ಅಂದ. ನಾಲ್ಕು ಜನರ ಮುಂದೆ ಬಳಸದ ಪದವನ್ನೇ ಬಳಸಿ ಅಂದ. 2009ರಲ್ಲಿ ಮಲೇಷ್ಯಾದಲ್ಲಿ ಮಳೆಗೆ ರೇಸು ನಿಂತು ಉಳಿದವರೆಲ್ಲ ಆಕಾಶ ನೋಡುತ್ತಿರುವಾಗ ಕ್ಯಾಮೆರಾ ಫೆರಾರಿಯ ಒಳಕೋಣೆಗೆ ಇಣುಕಿದರೆ, ಈತ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದ. ನಾನು ಸೋಫಾದಿಂದ ಎದ್ದು ನಿಂತು ನಕ್ಕಿದ್ದೆ. ಈತ ತನ್ನ ನಿಜ ಹೆಸರು ಮರೆಸಿ ಸ್ನೋಮೊಬೈಲ್ ರೇಸಿಗೆ ಇಳಿದಾಗ ಇಟ್ಟುಕೊಂಡ ಹೆಸರು ಜೇಮ್ಸ್ ಹಂಟ್.

2012ರ ನವೆಂಬರ್ 4, ಅಬುಧಾಬಿ. ಲೋಟಸ್ ಕಾರಿನಲ್ಲಿ ಕಿಮಿ ಮುಂದಿದ್ದಾನೆ. ಹಿಂದಿರುವ ಅಲೊನ್ಸೊ ಎಷ್ಟು ದೂರ ಎಂದು ಹೇಳುತ್ತಿರುತ್ತೇನೆ ಅಂತ ಎಂಜಿನಿಯರ್ ರೇಡಿಯೊದಲ್ಲಿ ಶುರುಮಾಡಿದ. ನನ್ನ ಪಾಡಿಗೆ ನನ್ನನ್ನು ಬಿಡಿ, ಏನು ಮಾಡಬೇಕೋ ನನಗೆ ಗೊತ್ತು ಅಂದ ಕಿಮಿ. ಸ್ವಲ್ಪ ಹೊತ್ತಿಗೆ, ಟೈರುಗಳ ಬಿಸಿ ಕಾಪಾಡಿಕೊ ಅಂತ ಮತ್ತೊಂದು ಉಪದೇಶ ಬಂತು. ಹೂಂ ಹೂಂ ಹೂಂ, ಅದನ್ನೇ ಮಾಡುತ್ತಿದ್ದೇನೆ, ಕ್ಷಣಕ್ಕೊಂದು ಸಲ ನೆನಪಿಸಬೇಕಿಲ್ಲ ಅಂದ. ಗೆದ್ದ. ಮುಂದೆ ನಡೆದದ್ದು ನೋಡಿ: ನನ್ನ ಪಾಡಿಗೆ ಬಿಡಿ ಎಂಬ ಆ ಮಾತು ಟಿ-ಶರ್ಟಿನ ಮೇಲೆ ಅಚ್ಚಾಯಿತು. ಯಾರ ಮಾತೂ ಬೇಡವೆಂದವನ ಮಾತು ಜಗತ್ತಿನ ತುಂಬ ಬಿಕರಿಗೆ ಬಂತು.

ಇಲ್ಲಿಂದ ಆಚೆಗೆ ಆದದ್ದೆಲ್ಲ ಈ ಟಿ-ಶರ್ಟಿನ ವಿಸ್ತರಣೆಯೇ. 2017ರಲ್ಲಿ ಫಾರ್ಮುಲಾ ಒನ್ ಅಮೆರಿಕದ ಲಿಬರ್ಟಿ ಮೀಡಿಯಾದ ಕೈಗೆ ಹೋಯಿತು, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಡ್ರೈವ್ ಟು ಸರ್ವೈವ್’ ಬಂತು. ನನ್ನ ಅಕ್ಕನ ಮಗ ಅದನ್ನು ಒಂದೇ ಬೀಸಿಗೆ ನೋಡಿ ಮುಗಿಸಿದವನು. ಎಲ್ಲ ಡ್ರೈವರುಗಳನ್ನೂ ಓಣಿಯ ಗೆಳೆಯರಂತೆ ಹೆಸರು ಹಿಡಿದೇ ಕರೆಯುತ್ತಾನೆ. ಯಾರಿಗೆ ಯಾರ ಮೇಲೆ ಮುನಿಸು, ಯಾರ ನಾಯಿಯ ಹೆಸರೇನು ಎಲ್ಲ ಗೊತ್ತು.

“ಮಾಮ, ನಿಮ್ಮ ಕಾಲದಲ್ಲಿ ಇಷ್ಟು ಹತ್ತಿರದಿಂದ ನೋಡಲಿಕ್ಕೆ ಸಿಗ್ತಿತ್ತಾ?” ಅಂತ ಕೇಳಿದ.

“ಇಲ್ಲ ಕಣೋ. ಅದಕ್ಕೇ ನಾವು ನೋಡಿದ್ದು ನಿಜ ಅಂತ ನಂಬಿದ್ವಿ.”

“ಇದೂ ನಿಜಾನೇ.”

“ಹಾಗಾದ್ರೆ ವರ್ಸ್ಟಾಪೆನ್ ಯಾಕೆ ಬರಲ್ಲ ಅಂದ?”

ಮ್ಯಾಕ್ಸ್ ವರ್ಸ್ಟಾಪೆನ್ ಕೆಲವು ಕಾಲ ಆ ಸರಣಿಗೆ ಸಂದರ್ಶನ ಕೊಡಲು ಒಪ್ಪಿರಲಿಲ್ಲ. ಇಲ್ಲದ ಜಗಳಗಳನ್ನು ಹುಟ್ಟಿಸುತ್ತಾರೆ ಅಂದಿದ್ದ. ಅಳಿಯ ಅದಕ್ಕೆ ಉತ್ತರಿಸಲಿಲ್ಲ, ಆದರೆ ಸೋಲೊಪ್ಪಲೂ ಇಲ್ಲ. ಅವನ ಮಾತಿನಲ್ಲೂ ಹುರುಳಿದೆ. ಆ ಸರಣಿ ಇರದಿದ್ದರೆ ಅವನಂಥ ಹುಡುಗರು ಈ ಆಟದ ಹತ್ತಿರವೇ ಸುಳಿಯುತ್ತಿರಲಿಲ್ಲ.

ಈ ಹುಡುಗರು ಬೆಳೆಯುವ ದಾರಿಯೂ ಬೇರೆಯಾಗಿದೆ. ಲಾಡಾ ಮನೆಯವರ ಮಾತು ಮೀರಿ, ಜೀವವಿಮೆ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಮಾಡಿ ಕಾರು ಹತ್ತಿದ್ದ. ನೈಜೆಲ್ ಮ್ಯಾನ್ಸೆಲ್ ಮನೆ ಮಾರಿ ಫಾರ್ಮುಲಾ ತ್ರೀಗೆ ಸುರಿದಿದ್ದ. ಲೂಯಿಸ್ ಹ್ಯಾಮಿಲ್ಟನ್‌ನನ್ನು ಮೆಕ್‌ಲಾರೆನ್ ಗೊತ್ತುಮಾಡಿಕೊಂಡದ್ದು 13ನೇ ವಯಸ್ಸಿಗೆ. ವರ್ಸ್ಟಾಪೆನ್ 2015ರಲ್ಲಿ ಮೊದಲ ರೇಸಿಗೆ ಬಂದಾಗ 17 ವರ್ಷ, ರಸ್ತೆಯ ಮೇಲೆ ಕಾರು ಓಡಿಸುವ ಲೈಸೆನ್ಸೇ ಇರಲಿಲ್ಲ. 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸು ಗೆದ್ದ ನಮ್ಮ ಬೆಂಗಳೂರಿನ ಕುಶ್ ಮೈನಿಯೂ ಚಿಕ್ಕಂದಿನಿಂದ ಕಾರ್ಟಿಂಗಿನ ಇದೇ ಏಣಿ ಹತ್ತಿದವನು. ಹಾಲುಹಲ್ಲಿನ ವಯಸ್ಸಿನಿಂದ ಟ್ರ್ಯಾಕಿನಲ್ಲೇ ಬೆಳೆದವರಿಗೆ ಬೇರೆ ಲೋಕದ ಗಾಳಿ ತಾಗಲು ಹೊತ್ತೆಲ್ಲಿ?

ಇಷ್ಟಿದ್ದೂ ಮನುಷ್ಯರು ನುಸುಳಿ ಬರುತ್ತಾರೆ. ಬಂದಾಗಲೆಲ್ಲ ದಂಡ ಬೀಳುತ್ತದೆ. 2013ರ ಅಕ್ಟೋಬರ್ 27ರಂದು ನಮ್ಮದೇ ನೆಲದಲ್ಲಿ, ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟಿನಲ್ಲಿ, ಸೆಬಾಸ್ಟಿಯನ್ ವೆಟೆಲ್ ಗೆದ್ದು ನಾಲ್ಕನೇ ಸಲ ಚಾಂಪಿಯನ್ ಆದ. ನಿಯಮದಂತೆ ಕಾರನ್ನು ನೇರ ತಪಾಸಣೆಗೆ ಒಯ್ಯಬೇಕು. ಅವನು ಜನರ ಮುಂದೆ ಕಾರನ್ನು ಬುಗುರಿಯಂತೆ ತಿರುಗಿಸಿ ಹೊಗೆ ಎಬ್ಬಿಸಿದ, ಇಳಿದು ಅದರ ಮುಂದೆ ಮೊಣಕಾಲೂರಿ ಬಗ್ಗಿ ನಮಸ್ಕಾರ ಮಾಡಿದ, ಕೈಗವಸುಗಳನ್ನು ಗ್ಯಾಲರಿಗೆ ಎಸೆದ. ಆಯುಧಪೂಜೆಯ ದಿನ ಲಾರಿಗೆ ಕೈಮುಗಿಯುವವರ ನಾಡಿನಲ್ಲಿ ಆ ನಮಸ್ಕಾರವನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ತಂಡಕ್ಕೆ 25,000 ಯೂರೊ ದಂಡ. ಆ ಸಲವೇ ಕೊನೆ, ಫಾರ್ಮುಲಾ ಒನ್ ಮತ್ತೆ ಆ ಟ್ರ್ಯಾಕಿಗೆ ಬರಲಿಲ್ಲ.

2020ರಲ್ಲಿ ಮುಜೆಲ್ಲೊದಲ್ಲಿ ಹ್ಯಾಮಿಲ್ಟನ್, ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ಬ್ರಿಯೋನಾ ಟೇಲರ್ ಪರವಾಗಿ ಬರೆದ ಟಿ-ಶರ್ಟು ಹಾಕಿ ಗೆದ್ದವರ ವೇದಿಕೆ ಹತ್ತಿದ. ಆಮೇಲೆ, ವೇದಿಕೆಯ ಮೇಲೆ ಓವರಾಲಿನ ಜಿಪ್ಪು ಕುತ್ತಿಗೆಯವರೆಗೆ ಏರಿರಬೇಕೆಂದು ಆಜ್ಞೆಯಾಯಿತು. 2022ರಲ್ಲಿ ಡ್ರೈವರುಗಳ ಒಡವೆ, ಒಳಚಡ್ಡಿಯ ತನಕ ಈ ಆಟದ ಆಡಳಿತ ಸಂಸ್ಥೆಯಾದ ಎಫ್‌ಐಎಯವರ ತಪಾಸಣೆ ಇಳಿಯಿತು. ವೆಟೆಲ್ ಮಯಾಮಿಯಲ್ಲಿ ಓವರಾಲಿನ ಮೇಲೆಯೇ ಚಡ್ಡಿ ಹಾಕಿಕೊಂಡು ಪಿಟ್ಟಿನಲ್ಲಿ ಓಡಾಡಿದ. ಆ ಫೋಟೊ ನೋಡಿ ಹಂಟ್ ಇದ್ದಿದ್ದರೆ ಏನನ್ನುತ್ತಿದ್ದನೋ.

2024ರ ಸೆಪ್ಟೆಂಬರಿನಲ್ಲಿ ಸಿಂಗಪುರ. ವರ್ಸ್ಟಾಪೆನ್ ಪತ್ರಿಕಾಗೋಷ್ಠಿಯಲ್ಲಿ ಹಿಂದಿನ ರೇಸಿನ ತನ್ನ ಕಾರಿನ ಬಗ್ಗೆ ಒಂದು ಬೈಗುಳ ಬಳಸಿದ. ಸಾರ್ವಜನಿಕ ಹಿತದ ಕೆಲಸ ಮಾಡಬೇಕೆಂದು ಎಫ್‌ಐಎ ಶಿಕ್ಷೆ ಹೇಳಿತು. ಮುಂದಿನ ಅಧಿಕೃತ ಗೋಷ್ಠಿಯಲ್ಲಿ ಅವನು ಮುಕ್ಕಾಲು ಪದದ ಉತ್ತರಗಳನ್ನು ಕೊಟ್ಟು, ಹೆಚ್ಚು ಮಾತಾಡಿದರೆ ಮತ್ತೆ ಶಿಕ್ಷೆಯಾದೀತು, ಬೇಕಾದವರು ಹೊರಗೆ ಬನ್ನಿ ಅಂದ. ಹೊರಗೆ ನಿಂತು ಪತ್ರಕರ್ತರಿಗೆ ಕೇಳಿದ್ದಕ್ಕೆಲ್ಲ ಧಾರಾಳವಾಗಿ ಉತ್ತರ ಕೊಟ್ಟ. ಡಿಸೆಂಬರಿನಲ್ಲಿ ರುವಾಂಡಾಕ್ಕೆ ಹೋಗಿ, ಅಲ್ಲಿನ ಎಳೆಯ ರೇಸುಗಾರರ ಜೊತೆ ಕಳೆದು, ಶಿಕ್ಷೆ ಮುಗಿಸಿದ. ಮರುವರ್ಷ ಎಫ್‌ಐಎ ನಿಯಮವನ್ನು ತಿದ್ದಿ ತೀಡಿ, ಕಾರಿನೊಳಗೆ ರೇಸಿನ ಬಿಸಿಯಲ್ಲಿ ಬಾಯಿ ಜಾರಿದರೆ ಒಂದು ಲೆಕ್ಕ, ಗೋಷ್ಠಿಯ ಕುರ್ಚಿಯಲ್ಲಿ ಜಾರಿದರೆ ಇನ್ನೊಂದು ಲೆಕ್ಕ ಎಂದಿತು.

ಹಾಗಾಗಿ ನಾನು ಈಗ ರೇಸಿನ ಮೇಲಿನ ಸಂದರ್ಶನಗಳನ್ನು ನೋಡುವುದಿಲ್ಲ, ರೇಸಿನ ನಡುವಿನ ರೇಡಿಯೊಗೆ ಕಿವಿಕೊಡುತ್ತೇನೆ. ಟೈರು ಹೋಯಿತು ಅಂತ ಗೋಳಿಡುವುದು, ಮುಂದಿನವನಿಗೆ ಶಾಪ ಹಾಕುವುದು, ಎಂಜಿನಿಯರ್ ಮೇಲೆ ರೇಗುವುದು, ಗೆದ್ದಾಗ ಮಕ್ಕಳಂತೆ ಕಿರುಚುವುದು ಎಲ್ಲ ಅಲ್ಲಿದೆ. ಬೈಗುಳ ಬಂದ ಕಡೆ ಟಿವಿಯವರು ಬೀಪ್ ಸದ್ದು ಹಾಕುತ್ತಾರೆ. ಅದು ಯಾವ ಬೈಗುಳವೆಂದು ಅಳಿಯ ಪಕ್ಕದಲ್ಲಿ ಕೂತು, ಅವರಮ್ಮನಿಗೆ ಕೇಳಿಸದ ಹಾಗೆ ನನಗೆ ಹೇಳುತ್ತಾನೆ.